ನನ್ನ ಮಾತು ಅವಳ ಇನ್‌ಬಾಕ್ಸ್‌ನಲ್ಲಿತ್ತು

2024ರ ಏಪ್ರಿಲ್‌ನಲ್ಲಿ ಒಂದು ಮೇಲ್ ಬಂತು. ಕಳಿಸಿದವಳು ಅಮೆರಿಕದ ಓಹಾಯೋದವಳು. ನಾವು ಮಾತಾಡಿ ಹತ್ತು ವರ್ಷದ ಮೇಲಾಗಿತ್ತು. ಕ್ಷೇಮ ಸಮಾಚಾರ ಎರಡು ಸಾಲು, ಆಮೇಲೆ ಒಂದು ಪ್ರಶ್ನೆ: "ಬಿರುಗಾಳಿ ರಾತ್ರಿ ನಿನ್ನ ಹತ್ರ ಇದೆಯಾ? ನನ್ನ ಹತ್ರ ಎಲ್ಲೂ ಸಿಗ್ತಿಲ್ಲ."

ಬಿರುಗಾಳಿ ರಾತ್ರಿ ಅಂದರೆ ಇಂಟರ್ನೆಟ್‌ನ ಒಂದು ರೋಲ್‌ಪ್ಲೇ ಫೋರಂನಲ್ಲಿ ನಾವಿಬ್ಬರು ಸೇರಿ ಬರೆದ ಒಂದು ಥ್ರೆಡ್, ಒಂದರ ಕೆಳಗೊಂದು ಉತ್ತರ ಬರೆಯುತ್ತಾ ಬೆಳೆಸಿದ ಕಥೆ. 2007ರ ಮಳೆಗಾಲದಲ್ಲಿ ಶುರು ಮಾಡಿ 2008ರ ಬೇಸಿಗೆಗೆ ಮುಗಿಸಿದ್ದೆವು. ಒಟ್ಟು 58 ಪೋಸ್ಟ್. ಅದು ಇದ್ದೇ ಇರುತ್ತೆ, ಎಲ್ಲಿಗೆ ಹೋಗುತ್ತೆ ಅಂದುಕೊಂಡು ನಮ್ಮ ಫೋರಂನ ಹಳೇ ಲಿಂಕ್ ಒತ್ತಿದೆ. ಯಾವುದೋ ಜಾಹೀರಾತಿನ ಪುಟ ತೆರೆಯಿತು.

ಅಲ್ಲಿಂದ ಮುಂದಿನ ಒಂದು ವರ್ಷ ನನ್ನ ರಾತ್ರಿಗಳೆಲ್ಲ ಇದಕ್ಕೇ ಹೋದವು. ಹೇಗೆ ಹುಡುಕಿದೆ, ಏನು ಸಿಕ್ಕಿತು, ಏನು ಸಿಗಲಿಲ್ಲ ಅಂತ ಬರೆದಿಡಬೇಕು ಅನ್ನಿಸಿದೆ. ನನ್ನ ಹಾಗೆ ಹುಡುಕುತ್ತಿರುವವರು ಇನ್ನೂ ಎಷ್ಟೋ ಜನ ಇದ್ದಾರೆ.

ಮೊದಲು ರೋಲ್‌ಪ್ಲೇ ಅಂದರೆ ಏನು ಅಂತ ಹೇಳಬೇಕು. ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ವೇಷ ಇಲ್ಲ, ಕುಣಿತ ಇಲ್ಲ. ಕೂತಲ್ಲೇ ಒಬ್ಬರು ವಾಲಿ ಆಗುತ್ತಾರೆ, ಇನ್ನೊಬ್ಬರು ರಾಮ ಆಗುತ್ತಾರೆ. ಯಾರು ಏನು ಹೇಳಬೇಕು ಅಂತ ಯಾರೂ ಬರೆದುಕೊಟ್ಟಿರುವುದಿಲ್ಲ. ಎದುರಿನವರು ಏನು ಹೇಳುತ್ತಾರೋ ಅದಕ್ಕೆ ತಕ್ಕ ಮಾತು ಆ ಕ್ಷಣಕ್ಕೆ ಹುಟ್ಟಬೇಕು. ಹೀಗೆ ಮಾತಾಡುವುದಕ್ಕೆ ಅರ್ಥ ಹೇಳುವುದು ಅನ್ನುತ್ತಾರೆ. ನಾವು ಅದನ್ನೇ ಬರಹದಲ್ಲಿ ಮಾಡುತ್ತಿದ್ದೆವು. ನಾವೇ ಕಟ್ಟಿಕೊಂಡ ಒಂದು ಬಂದರು ಊರು. ನಲವತ್ತು ಚಿಲ್ಲರೆ ಪಾತ್ರಗಳು, ಒಂದೊಂದು ಪಾತ್ರಕ್ಕೆ ಒಬ್ಬೊಬ್ಬರು. ಒಬ್ಬರು ಒಂದು ಪ್ಯಾರಾ ಬರೆದು ಬಿಟ್ಟರೆ ಇನ್ನೊಬ್ಬರು ಅದಕ್ಕೆ ಉತ್ತರವಾಗಿ ಮುಂದಿನದನ್ನು ಬರೆಯಬೇಕು. ಇಡೀ ಊರಿಗೆ ಒಬ್ಬರು ಮಾಡ್, ಅಂದರೆ ಮಾಡರೇಟರ್. ತಾಳಮದ್ದಳೆಯಲ್ಲಿ ಹಾಡಿ ಕಥೆ ನಡೆಸುವ ಭಾಗವತರ ಜಾಗ ಅವರದ್ದು. ಮಳೆ ಬಂತು, ಹಡಗು ಬಂತು, ಬೆಂಕಿ ಬಿತ್ತು ಅಂತ ಕಥೆಯನ್ನು ತಿರುಗಿಸುವುದು ಅವರ ಕೆಲಸ.

ನನ್ನ ಪಾತ್ರ ಕಾರವಾರದಿಂದ ಆ ಊರಿಗೆ ಬಂದ ದೋಣಿ ಬಡಗಿ. ಓಹಾಯೋದವಳದ್ದು ಲೈಟ್‌ಹೌಸ್ ಕಾಯುವ ಹೆಂಗಸು. ನಮ್ಮಲ್ಲಿ ಯಾರೂ ಯಾರ ನಿಜವಾದ ಹೆಸರನ್ನೂ ಕೇಳುತ್ತಿರಲಿಲ್ಲ. ಅವಳು ಲೈಟ್‌ಹೌಸ್, ನಾನು ಬಡಗಿ, ಫಿಲಿಪೀನ್ಸ್‌ನ ಹುಡುಗನೊಬ್ಬ ಮೀನಂಗಡಿ. ಹಾಗೇ ಕರೆದುಕೊಳ್ಳುತ್ತಿದ್ದೆವು.

ನಾನಾಗ ಸಾಗರದಲ್ಲಿ ಬಿ.ಕಾಂ ಓದುತ್ತಿದ್ದೆ. ಮೊದಲು ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ಕೂತು ಬರೆಯುತ್ತಿದ್ದೆ. 2007ರಲ್ಲಿ ಮನೆಗೆ ಬಿಎಸ್‌ಎನ್‌ಎಲ್ ಡೇಟಾವನ್ ಬಂತು. ಆ ಪ್ಲಾನಿನಲ್ಲಿ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಎಷ್ಟು ಬಳಸಿದರೂ ಲೆಕ್ಕಕ್ಕಿಲ್ಲ. ಹಾಗಾಗಿ ಅಲಾರಾಂ ಇಟ್ಟು 2 ಗಂಟೆಗೆ ಏಳುತ್ತಿದ್ದೆ. ನಮಗೆ ರಾತ್ರಿ 2 ಆದಾಗ ಓಹಾಯೋದಲ್ಲಿ ಹಿಂದಿನ ದಿನದ ಸಂಜೆ. ಅವಳು ಶಾಲೆಯ ಲೈಬ್ರರಿ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತು. ಜಗತ್ತಿನ ಆ ತುದಿಯವಳ ಜೊತೆ ನನಗೆ ಅಷ್ಟು ಚೆನ್ನಾಗಿ ಹೊಂದಿಕೊಂಡಿದ್ದಕ್ಕೆ ಆ ಪ್ಲಾನೂ ಒಂದು ಕಾರಣ.

"ಯಾರ ಹತ್ರ ಮಾತಾಡ್ತೀಯೇ ಈ ಹೊತ್ತಲ್ಲಿ?" ಅಂತ ಅಪ್ಪ ಒಮ್ಮೆ ಎದ್ದು ಬಂದು ಕೇಳಿದ್ದರು. ತಾಳಮದ್ದಳೆ ಥರದ್ದು ಅಪ್ಪ, ಬರೆದು ಆಡೋದು ಅಂದೆ. ಹತ್ತಿರ ಬಂದು ಸ್ವಲ್ಪ ಹೊತ್ತು ಪರದೆ ನೋಡಿದರು. "ಎದುರು ಯಾರು?" ಅಂದರು. ಅಮೆರಿಕದವಳು ಅಂದೆ. "ಚೆನ್ನಾಗಿ ಅರ್ಥ ಹೇಳ್ತಾಳಾ?" ಹೂಂ ಅಂದೆ. ಸರಿ ಅಂತ ಹೋಗಿ ಮಲಗಿದರು. ತಾಳಮದ್ದಳೆಯ ಶೇಣಿ ಗೋಪಾಲಕೃಷ್ಣ ಭಟ್ಟರ ಕ್ಯಾಸೆಟ್ ಹಾಕಿಕೊಂಡು ಅಡಿಕೆ ಸುಲಿಯುತ್ತಿದ್ದವರು ಅಪ್ಪ. ಅವರಿಗೆ ಬೇರೆ ಏನೂ ಹೇಳುವುದು ಬೇಕಿರಲಿಲ್ಲ.

ಆಮೇಲೆ ಏನಾಯಿತು ಅಂದರೆ, ನಾವು ಮನೆ ಬದಲಾಯಿಸಿದೆವು.

ಒಮ್ಮೆ ಅಲ್ಲ, ಮೂರು ಸಲ. 2009ರಲ್ಲಿ ಫೋರಂ ಬಿಟ್ಟು ದಿನಚರಿ ಥರ ಬರೆಯುವ ಒಂದು ಜರ್ನಲ್ ತಾಣಕ್ಕೆ ಹೋದೆವು. ನಮ್ಮ ಫೋರಂ ಒಂದು ಉಚಿತ ಸೇವೆಯ ಮೇಲೆ ನಡೆಯುತ್ತಿತ್ತು. ಜಾಹೀರಾತು ಜಾಸ್ತಿ ಆಗಿತ್ತು, ಪುಟ ತೆರೆಯುವುದಕ್ಕೆ ತುಂಬಾ ಹೊತ್ತು ಬೇಕಾಗುತ್ತಿತ್ತು. ಜರ್ನಲ್‌ನಲ್ಲಿ ಕಾಮೆಂಟ್ ಕೆಳಗೆ ಕಾಮೆಂಟ್ ಬರೆಯಬಹುದಿತ್ತು, ಅದು ಎಲ್ಲರಿಗೂ ಹಿಡಿಸಿತು. 2012ರ ಹೊತ್ತಿಗೆ ಅರ್ಧ ಜನ ಚಿತ್ರಗಳೇ ಜಾಸ್ತಿ ಇರುವ ಒಂದು ಬ್ಲಾಗ್ ತಾಣಕ್ಕೆ ಹೋದರು. ಅಲ್ಲಿ ಪೋಸ್ಟ್‌ಗಳು ಸಣ್ಣವಾದವು. ನಾಲ್ಕು ಪ್ಯಾರಾ ಬರೆಯುತ್ತಿದ್ದವರು ನಾಲ್ಕು ಸಾಲು ಬರೆದರು. 2016ರ ನಂತರ ಉಳಿದವರು ಚಾಟ್ ಸರ್ವರ್‌ಗೆ ಹೋದರು. ಅಷ್ಟು ಹೊತ್ತಿಗೆ ನನಗೆ ಕೆಲಸ, ಮದುವೆ, ಮಗು. ನಾನು ಸುಮ್ನೆ ನೋಡುವವಳಾಗಿದ್ದೆ.

ಪ್ರತಿ ಸಲ ಹೊರಡುವಾಗಲೂ ಒಂದೇ ಮಾತು: "ಹಳೆಯದು ಅಲ್ಲೇ ಇರಲಿ, ಲಿಂಕ್ ಹಾಕಿಡೋಣ." ಈ ಮಾತನ್ನು ನಾನೂ ಹೇಳಿದ್ದೇನೆ. ಹೊಸ ಜಾಗದ ಮೊದಲ ಪುಟದಲ್ಲಿ ಹಳೇ ಜಾಗದ ಲಿಂಕ್ ಹಾಕಿದ್ದು ನಾನೇ. ಮನೆ ಖಾಲಿ ಮಾಡುವಾಗ ಪಾತ್ರೆ ಪಗಡಿ, ಹಾಸಿಗೆ, ದೇವರ ಪೀಠ ಎಲ್ಲ ತಗೊಂಡು ಹೋಗುತ್ತೇವೆ. ಇಲ್ಲಿ ಮಾತ್ರ ಕೀಲಿಕೈ ಜೇಬಲ್ಲಿಟ್ಟುಕೊಂಡು ಬಂದುಬಿಟ್ಟೆವು. ಮನೆಯ ಮಾಲೀಕರು ಬೇರೆ ಯಾರೋ ಅಂತ ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕಣ್ಣೆದುರಿಗೇ ಉದಾಹರಣೆಗಳು ಇದ್ದವು. ಜನ ಉಚಿತವಾಗಿ ತಮ್ಮದೇ ಪುಟ ಕಟ್ಟಿಕೊಳ್ಳುತ್ತಿದ್ದ ಜಿಯೋಸಿಟೀಸ್ ಮುಚ್ಚಿದ್ದು 2009ರ ಅಕ್ಟೋಬರ್ 26ರಂದು, ನಾವು ಹೊರಟ ವರ್ಷವೇ. ಗೂಗಲ್‌ನ ಸಾಮಾಜಿಕ ತಾಣ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ನಿಂತಿತು. ನಮ್ಮ ಕನ್ನಡದವರ ಎಷ್ಟು ಜಗಳ, ಎಷ್ಟು ಹರಟೆ, ಎಷ್ಟು ಪ್ರೀತಿ ಅಲ್ಲಿತ್ತು! ಸಾರ್ವಜನಿಕ ಕಮ್ಯುನಿಟಿಗಳ ಪ್ರತಿಯನ್ನು ಗೂಗಲ್ ಸ್ವಲ್ಪ ಕಾಲ ನೋಡುವುದಕ್ಕೆ ಇಟ್ಟಿತ್ತು, 2017ರಲ್ಲಿ ಅದೂ ಹೋಯಿತು. ಟೇಬಲ್ ಸುತ್ತ ಕೂತು ಆಡುವ ರೋಲ್‌ಪ್ಲೇ ಆಟಗಾರರು ತುಂಬಾ ಜನ ಗೂಗಲ್ ಪ್ಲಸ್‌ನಲ್ಲಿ ಮನೆ ಮಾಡಿಕೊಂಡಿದ್ದರು. 2019ರ ಏಪ್ರಿಲ್ 2ಕ್ಕೆ ಅದೂ ಮುಚ್ಚಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಯಾಹೂ ಗ್ರೂಪ್ಸ್‌ನ ಹಳೇ ಸಂದೇಶಗಳನ್ನೆಲ್ಲ ಡಿಸೆಂಬರ್ 14ಕ್ಕೆ ಅಳಿಸುತ್ತೇವೆ ಅಂತ ಘೋಷಣೆ ಬಂತು. ಇಪ್ಪತ್ತು ವರ್ಷದ ಮಾತುಕತೆ, ಎರಡು ತಿಂಗಳ ಗಡುವು. ಜನ ಗಲಾಟೆ ಮಾಡಿದ ಮೇಲೆ 2020ರ ಜನವರಿ 31ರವರೆಗೆ ಮುಂದೂಡಿದರು. ಆರ್ಕೈವ್ ಟೀಮ್ ಅನ್ನುವ ಸ್ವಯಂಸೇವಕರ ಗುಂಪು ಮತ್ತು ನೂರಾರು ಅಭಿಮಾನಿಗಳು ಹಗಲು ರಾತ್ರಿ ಕೂತು ಒಂದೊಂದೇ ಗುಂಪಿಗೆ ಸೇರಿ ಎಷ್ಟಾಗುತ್ತೋ ಅಷ್ಟು ಇಳಿಸಿಕೊಂಡರು. ಅವರ ಮುಖ ನಾನು ನೋಡಿಲ್ಲ. ಅವರಿಗೆ ನನ್ನ ನಮಸ್ಕಾರ ಸಲ್ಲಲಿ.

ಸರಿಯಾಗಿ ಮನೆ ಬದಲಾಯಿಸುವುದು ಆಗದ ಮಾತೇನೂ ಅಲ್ಲ. ಲೈವ್‌ಜರ್ನಲ್ ಅನ್ನುವ ಜರ್ನಲ್ ತಾಣದಲ್ಲಿ ಇದ್ದ ರೋಲ್‌ಪ್ಲೇ ಗುಂಪುಗಳ ಕಥೆ ನೋಡಿ. 2007ರ ಮೇ ಕೊನೆಯಲ್ಲಿ ಅಲ್ಲಿ ಸುಮಾರು 500 ಜರ್ನಲ್‌ಗಳನ್ನು ಒಮ್ಮೆಲೇ ಅಮಾನತು ಮಾಡಿದಾಗ ಜನರಿಗೆ ಭಯ ಹತ್ತಿತು. ಅಲ್ಲಿ ಹಿಂದೆ ಕೆಲಸ ಮಾಡಿದ್ದವರೇ 2009ರಲ್ಲಿ ಡ್ರೀಮ್‌ವಿಡ್ತ್ ಅನ್ನುವ ಅಂಥದ್ದೇ ತಾಣ ಶುರು ಮಾಡಿದರು. ಅದರಲ್ಲಿ ಒಂದು ಇಂಪೋರ್ಟ್ ಸೌಲಭ್ಯ ಇಟ್ಟರು. ಹಳೇ ಜರ್ನಲ್‌ನ ಬರಹ ಮಾತ್ರ ಅಲ್ಲ, ಕೆಳಗಿನ ಕಾಮೆಂಟ್‌ಗಳೂ ಅದೇ ಕ್ರಮದಲ್ಲಿ ಹೊಸ ಜಾಗಕ್ಕೆ ಬರುತ್ತವೆ. ರೋಲ್‌ಪ್ಲೇ ಇರುವುದೇ ಕಾಮೆಂಟ್‌ಗಳಲ್ಲಿ. 2017ರ ಏಪ್ರಿಲ್‌ನಲ್ಲಿ ಲೈವ್‌ಜರ್ನಲ್ ಹೊಸ ಷರತ್ತುಗಳನ್ನು ತಂದಾಗ ಇನ್ನಷ್ಟು ಜನ ಹೊರಟರು. ಅವರಲ್ಲಿ ಎಷ್ಟೋ ಗುಂಪುಗಳು ಪಾತ್ರೆ ಪಗಡಿ ಸಮೇತ ಬಂದವು. ನಮ್ಮದು ಮಾಮೂಲಿ ಫೋರಂ, ಅದಕ್ಕೆ ಅಂಥ ದಾರಿ ಇರಲಿಲ್ಲ. ಆದರೆ ನಲವತ್ತು ಜನ ಒಬ್ಬೊಬ್ಬರು ಹತ್ತು ಥ್ರೆಡ್ ಸೇವ್ ಮಾಡಿದ್ದರೂ ಸಾಕಿತ್ತು.

ಈಗ ಹುಡುಕಾಟಕ್ಕೆ ಬರುತ್ತೇನೆ.

ಮೊದಲು ಹೋಗಿದ್ದು ವೇಬ್ಯಾಕ್ ಮಷೀನ್‌ಗೆ. ಇಂಟರ್ನೆಟ್ ಆರ್ಕೈವ್ ಅನ್ನುವ ಸಂಸ್ಥೆ 1996ರಿಂದ ಜಗತ್ತಿನ ವೆಬ್ ಪುಟಗಳ ಪ್ರತಿ ತೆಗೆದಿಡುತ್ತಾ ಬಂದಿದೆ. 2001ರಲ್ಲಿ ಅದನ್ನು ಎಲ್ಲರೂ ನೋಡುವ ಹಾಗೆ ಮಾಡಿದರು. ಫೋರಂನ ವಿಳಾಸ ಹಾಕಿದೆ. ಬಂತು! ಅದೇ ನೀಲಿ ಬಣ್ಣ, ಮೇಲೆ ಬಂದರಿನ ಚಿತ್ರ ಇರಬೇಕಾದ ಕಡೆ ಖಾಲಿ ಚೌಕ. ಕೆಳಗೆ "ಈಗ ಆನ್‌ಲೈನ್ ಇರುವವರು: 3". ಆ ಮೂವರಲ್ಲಿ ಒಬ್ಬಳು ನಾನು. ಎದೆ ಡವಡವ ಅಂದಿತು.

ಆಮೇಲೆ ಗೊತ್ತಾಯಿತು, ಇರುವುದು ತುಂಬಾ ಕಡಿಮೆ ಅಂತ. ಬಿರುಗಾಳಿ ರಾತ್ರಿಯ ಮೊದಲ ಪುಟ ಇತ್ತು. 15 ಪೋಸ್ಟ್. ಎರಡನೇ ಪುಟಕ್ಕೆ ಒತ್ತಿದರೆ ಈ ಪುಟ ನಮ್ಮಲ್ಲಿ ಇಲ್ಲ ಅನ್ನುವ ಉತ್ತರ. ಬೇರೆ ಥ್ರೆಡ್‌ಗಳದ್ದೂ ಅದೇ ಕಥೆ. ಮೊದಲ ಪುಟ ಇದೆ, ಮುಂದೆ ಇಲ್ಲ.

ಯಾಕೆ ಹೀಗೆ ಅಂತ ತಿಳಿದುಕೊಳ್ಳಲು ನನಗೆ ಎರಡು ವಾರ ಬೇಕಾಯಿತು. ಪ್ರತಿ ತೆಗೆಯುವುದು ಮನುಷ್ಯರಲ್ಲ, ಒಂದು ಪ್ರೋಗ್ರಾಂ. ಅದು ಒಂದು ಲಿಂಕ್‌ನಿಂದ ಇನ್ನೊಂದಕ್ಕೆ ಹೋಗುತ್ತಾ ಪುಟ ಉಳಿಸುತ್ತದೆ. ನಮ್ಮ ಹಳೇ ಫೋರಂ ತಂತ್ರಾಂಶ, ಲಾಗಿನ್ ಆಗದೆ ಬಂದವರಿಗೆಲ್ಲ ಪ್ರತಿ ಭೇಟಿಗೂ ಒಂದು ಗುರುತಿನ ಸಂಖ್ಯೆ ಕೊಟ್ಟು ಅದನ್ನು ಪ್ರತಿ ಲಿಂಕ್‌ನ ಒಳಗೂ ಸೇರಿಸುತ್ತಿತ್ತು. ಪುಟ ಅದೇ, ಆದರೆ ವಿಳಾಸ ಬೇರೆ. ಪ್ರೋಗ್ರಾಂ ಪಾಪ, ಅದನ್ನು ಹೊಸ ಪುಟ ಅಂದುಕೊಂಡಿತು. ಹಾಗಾಗಿ ನಮ್ಮ ನಿಯಮಗಳ ಪುಟದ ಮೂವತ್ತೊಂದು ಪ್ರತಿ ಇದೆ, ಬಿರುಗಾಳಿ ರಾತ್ರಿಯ ಎರಡನೇ ಪುಟದ ಒಂದು ಪ್ರತಿಯೂ ಇಲ್ಲ. ಲಾಗಿನ್ ಆದವರಿಗೆ ಮಾತ್ರ ಕಾಣುತ್ತಿದ್ದ ವಿಭಾಗಗಳಂತೂ ಅದರ ಕಣ್ಣಿಗೇ ಬಿದ್ದಿಲ್ಲ.

ಒಂದು ಉಪಾಯ ಮಾತ್ರ ಬಹಳ ಉಪಯೋಗಕ್ಕೆ ಬಂತು, ಹುಡುಕುವವರಿಗಾಗಿ ಹೇಳುತ್ತೇನೆ. ವೇಬ್ಯಾಕ್‌ನಲ್ಲಿ ತಾಣದ ವಿಳಾಸದ ಕೊನೆಗೆ ಒಂದು ನಕ್ಷತ್ರದ ಗುರುತು ಹಾಕಿದರೆ, ಆ ತಾಣದಿಂದ ಉಳಿಸಿರುವ ಎಲ್ಲ ವಿಳಾಸಗಳ ಪಟ್ಟಿ ಬರುತ್ತದೆ. ಮೊದಲ ಪುಟದಿಂದ ಲಿಂಕ್ ಒತ್ತುತ್ತಾ ಹೋದರೆ ಸಿಗದ ಪುಟಗಳು ಈ ಪಟ್ಟಿಯಲ್ಲಿ ಇರಬಹುದು. ನನಗೆ ಹಾಗೆ 70ಕ್ಕೂ ಹೆಚ್ಚು ಪುಟ ಸಿಕ್ಕವು. ಮೀನಂಗಡಿಯವನು ಬರೆದ ಒಂದು ಮದುವೆಯ ದೃಶ್ಯ ಪೂರ್ತಿ ಸಿಕ್ಕಿತು. ಅವತ್ತು ರಾತ್ರಿ ನಾನು ಊಟವನ್ನೇ ಮರೆತಿದ್ದೆ.

ಚಿತ್ರಗಳ ಆಸೆ ಬೇಗ ಬಿಟ್ಟೆ. ಆ ಕಾಲದಲ್ಲಿ ಚಿತ್ರಗಳನ್ನು ಒಂದು ಕಡೆ ಇಟ್ಟು ಇನ್ನೊಂದು ಕಡೆ ತೋರಿಸುತ್ತಿದ್ದೆವು. 2017ರಲ್ಲಿ ಚಿತ್ರ ಇಡುವ ತಾಣ ಫೋಟೋಬಕೆಟ್ ಹೀಗೆ ಬೇರೆ ಕಡೆ ತೋರಿಸಲು ವರ್ಷಕ್ಕೆ 399 ಡಾಲರ್ ಕೇಳಿದಾಗ ಸಾವಿರಾರು ಫೋರಂಗಳ ಗೋಡೆಗಳು ಒಂದೇ ದಿನ ಬೋಳಾದವು. ನಮ್ಮ ಚಿತ್ರಗಳು ಬೇರೆ ಕಡೆ ಇದ್ದವು, ಅವೂ ಇಲ್ಲ.

ಅಕ್ಟೋಬರ್ 2024ರಲ್ಲಿ ಇಂಟರ್ನೆಟ್ ಆರ್ಕೈವ್ ಮೇಲೆ ಸೈಬರ್ ದಾಳಿ ಆಯಿತು. 3.1 ಕೋಟಿ ಖಾತೆಗಳ ಮಾಹಿತಿ ಕದ್ದರು, ತಾಣ ದಿನಗಟ್ಟಲೆ ತೆರೆಯಲಿಲ್ಲ. ನಾನು ಆಗ ಪುಟಗಳನ್ನು ಒಂದೊಂದಾಗಿ ನನ್ನ ಕಂಪ್ಯೂಟರ್‌ಗೆ ಇಳಿಸಿಕೊಳ್ಳುತ್ತಿದ್ದೆ, ಅರ್ಧದಲ್ಲಿದ್ದೆ. ಜಗತ್ತಿಗೆಲ್ಲ ಇರುವುದು ಇದೊಂದೇ ದೊಡ್ಡ ಉಗ್ರಾಣ, ಅದಕ್ಕೂ ಹೀಗಾದರೆ ಏನು ಗತಿ ಅಂತ ಆ ದಿನಗಳಲ್ಲಿ ನಿಜವಾಗಿ ಹೆದರಿದೆ. ಕೆಲವು ದಿನದಲ್ಲಿ ವೇಬ್ಯಾಕ್ ಮರಳಿ ಬಂತು. ಬಂದ ರಾತ್ರಿಯೇ ಕೂತು ಉಳಿದಿದ್ದನ್ನೆಲ್ಲ ಇಳಿಸಿದೆ.

ದೀಪಾವಳಿಗೆ ಸಾಗರಕ್ಕೆ ಹೋದೆ.

"ಅಪ್ಪ, ನನ್ನ ಹಳೇ ಕಂಪ್ಯೂಟರ್ ಇದೆಯಾ, ಕೊಟ್ಟುಬಿಟ್ರಾ?"

"ಇದೆ ಮಾರಾಯ್ತಿ, ಅಟ್ಟದ ಮೇಲೆ ಅಡಿಕೆ ಚೀಲದ ಹಿಂದೆ ಇದೆ. ನಿಂದು ಅಂತ ಯಾರೂ ಮುಟ್ಟಿಲ್ಲ."

ಏಣಿ ಹಾಕಿ ಇಳಿಸಿದೆವು. ಡಬ್ಬದೊಳಗೆ ಜೇಡರ ಬಲೆ, ಒಂದು ಹಲ್ಲಿ ಮೊಟ್ಟೆ. ಹಾರ್ಡ್ ಡಿಸ್ಕ್ 40 ಜಿಬಿಯದ್ದು, ಅಗಲವಾದ ಬೂದು ಬಣ್ಣದ ಪಟ್ಟಿ ಕೇಬಲ್‌ನದು. ಈಗಿನ ಯಾವ ಲ್ಯಾಪ್‌ಟಾಪ್‌ಗೂ ಅದು ಹೊಂದುವುದಿಲ್ಲ. ಬೆಂಗಳೂರಿಗೆ ತಂದು ಎಸ್.ಪಿ. ರೋಡ್‌ನಲ್ಲಿ ನಾಲ್ಕು ಅಂಗಡಿ ಸುತ್ತಿ ಒಂದು ಕನ್ವರ್ಟರ್ ತಗೊಂಡೆ. ಅಂಗಡಿಯವರು ಡಿಸ್ಕ್ ಕೈಯಲ್ಲಿ ಹಿಡಿದು ತೂಗಿ ನೋಡಿ, "ಮೇಡಂ, ತಿರುಗಿದ್ರೆ ಒಂದೇ ಸಲಕ್ಕೆ ಎಲ್ಲಾ ಕಾಪಿ ಮಾಡ್ಕೊಂಡ್ಬಿಡಿ, ಎರಡನೇ ಸಲ ನಂಬ್ಬೇಡಿ" ಅಂದರು. ಆ ಮಾತು ಕೇಳಿದ್ದು ಒಳ್ಳೆಯದಾಯಿತು. ಡಿಸ್ಕ್ ತಿರುಗಿತು, ಕಾಪಿ ಮಾಡಿಕೊಂಡೆ. ಮಾರನೇ ದಿನ ಹಾಕಿದರೆ ಟಕ್ ಟಕ್ ಅನ್ನುವ ಸದ್ದು ಮಾತ್ರ.

ಅದರಲ್ಲಿ "ಬಡಗಿ" ಅಂತ ಒಂದು ಫೋಲ್ಡರ್. ಒಳಗೆ ವರ್ಡ್ ಫೈಲ್‌ಗಳು. ತೆರೆದರೆ ಪುಟದ ತುಂಬಾ ಅರ್ಥವಿಲ್ಲದ ಚಿಹ್ನೆಗಳು. ಇಂಗ್ಲಿಷಿನ ದೊಡ್ಡಕ್ಷರ, ತಲೆಯ ಮೇಲೆ ಗೆರೆ ಇರುವ ಎ, ಮಧ್ಯೆ ಮಧ್ಯೆ ಪೌಂಡ್ ಹಣದ ಗುರುತು. ಒಂದು ಕ್ಷಣ ಎಲ್ಲ ಹಾಳಾಗಿದೆ ಅಂದುಕೊಂಡೆ. ಆಮೇಲೆ ಪೌಂಡ್ ಗುರುತು ನೋಡಿ ನೆನಪಾಯಿತು. ಇದು ನುಡಿ! ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲಿ ಟೈಪ್ ಮಾಡಿದ್ದು. ಯಾವ ಕಂಪ್ಯೂಟರ್‌ನಲ್ಲಾದರೂ ಕನ್ನಡ ಕನ್ನಡವಾಗೇ ಕಾಣುವ ಯೂನಿಕೋಡ್ ಆಗ ನಮ್ಮ ಕೈಗೆ ಬಂದಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟ್ ಅದು. ಫಾಂಟ್ ಇಲ್ಲದಿದ್ದರೆ "ನ" ಇರುವಲ್ಲೆಲ್ಲ ಪೌಂಡ್ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸುವ ಒಂದು ಕನ್ವರ್ಟರ್‌ಗೆ ಹಾಕಿದೆ. ಚಿಹ್ನೆಗಳು ಕರಗಿ ಕನ್ನಡ ಎದ್ದು ಬಂತು:

"ಬಡಗಿ ಸುಳ್ಳು ಹೇಳಲ್ಲ. ಆದರೆ ಕೇಳದೇ ಇದ್ದರೆ ನಿಜ ಹೇಳಲ್ಲ. ಮರ ಮುಟ್ಟಿ ನೋಡಿ ವಯಸ್ಸು ಹೇಳ್ತಾನೆ. ಲೈಟ್‌ಹೌಸ್‌ನವಳ ಮುಂದೆ ಮಾತ್ರ ಮಾತು ಜಾಸ್ತಿ."

ನಾನು ಆಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಆದರೆ ಯೋಚನೆಯೆಲ್ಲ ಕನ್ನಡದಲ್ಲಿ ಮಾಡುತ್ತಿದ್ದೆ ಅನ್ನುವುದಕ್ಕೆ ಆ ಫೋಲ್ಡರ್ ಒಂದೇ ಸಾಕ್ಷಿ. ಫೋರಂ ಪೂರ್ತಿ ಸಿಕ್ಕಿದ್ದರೂ ಇದು ಅದರಲ್ಲಿ ಇರುತ್ತಿರಲಿಲ್ಲ.

ಆದರೆ ಬಿರುಗಾಳಿ ರಾತ್ರಿ ಅಲ್ಲೂ ಇರಲಿಲ್ಲ. ಥ್ರೆಡ್‌ನಲ್ಲಿ ನೇರವಾಗಿ ಟೈಪ್ ಮಾಡುತ್ತಿದ್ದೆ, ಸೇವ್ ಮಾಡುವ ಅಭ್ಯಾಸ ಇರಲಿಲ್ಲ.

ಸಿಕ್ಕಿದ್ದು ನಾನು ಎಣಿಸದೇ ಇದ್ದ ಜಾಗದಲ್ಲಿ. ಡಿಸೆಂಬರ್‌ನಲ್ಲಿ ಲೈಟ್‌ಹೌಸ್‌ನ ಹಳೇ ಮೇಲ್ ವಿಳಾಸ ಹುಡುಕಲು ಇನ್‌ಬಾಕ್ಸ್‌ನ ತೀರಾ ಕೆಳಗೆ ಹೋದೆ. ಅದು ನಾನು ಇವತ್ತಿಗೂ ಬಳಸುವ ಮೇಲ್. ಅಲ್ಲಿ ಸಾಲಾಗಿ, ಓದದೇ ಬಿಟ್ಟ ನೂರಾರು ಮೇಲ್‌ಗಳು. ಕಳಿಸಿದ್ದು ನಮ್ಮ ಫೋರಂ. "ನೀವು ಚಂದಾ ಹಾಕಿರುವ ಥ್ರೆಡ್‌ಗೆ ಹೊಸ ಉತ್ತರ ಬಂದಿದೆ." ಒಂದನ್ನು ತೆರೆದೆ. ಕೆಳಗೆ ಉತ್ತರ ಪೂರ್ತಿ ಇತ್ತು. ಲೈಟ್‌ಹೌಸ್‌ನವಳ ನಾಲ್ಕು ಪ್ಯಾರಾ, ಒಂದು ಅಲ್ಪವಿರಾಮವೂ ತಪ್ಪದ ಹಾಗೆ.

ಆ ಫೋರಂ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಒಂದು ಚೌಕ ಇತ್ತು. ಅದಕ್ಕೆ ಟಿಕ್ ಹಾಕಿದರೆ ಹೊಸ ಉತ್ತರ ಬಂದಿದೆ ಅಂತ ಹೇಳುವ ಮೇಲ್‌ನ ಜೊತೆಗೆ ಉತ್ತರದ ಪ್ರತಿಯನ್ನೂ ಕಳಿಸುತ್ತಿತ್ತು. ಸೈಬರ್ ಕೆಫೆಯ ಕಾಲದಲ್ಲಿ ದುಡ್ಡು ಉಳಿಯಲಿ ಅಂತ ಟಿಕ್ ಹಾಕಿದ್ದೆ, ಮೇಲ್ ಬೇಗ ತೆರೆಯುತ್ತಿತ್ತು ಅಂತ.

ಥ್ರೆಡ್‌ನ ಹೆಸರು ಹಾಕಿ ಹುಡುಕಿದೆ. 27 ಮೇಲ್. ಎಲ್ಲವೂ ಅವಳ ಉತ್ತರಗಳು. ಓದಲು ಕೂತೆ. ಸ್ವಲ್ಪ ಹೊತ್ತಿಗೆ ಗೊತ್ತಾಯಿತು, ಇದು ಅರ್ಧ ಮಾತ್ರ ಅಂತ. ನಾನು ಬರೆದದ್ದಕ್ಕೆ ನನಗೇ ಯಾಕೆ ಮೇಲ್ ಬರುತ್ತದೆ? ಅವಳ ಹೆಂಗಸು ಕೋಪ ಮಾಡಿಕೊಳ್ಳುತ್ತಾಳೆ, ನನ್ನವನು ಏನಂದ ಅಂತ ಇಲ್ಲ. ಅವಳು ನಗುತ್ತಾಳೆ, ಯಾಕೆ ಅಂತ ಇಲ್ಲ. ಫೋನಿನಲ್ಲಿ ಒಬ್ಬರು ಮಾತಾಡುವುದನ್ನು ಪಕ್ಕದಲ್ಲಿ ಕೂತು ಕೇಳಿದ ಹಾಗೆ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರಿಗೆ ಈಗ ಕಿವಿ ಸ್ವಲ್ಪ ಮಂದ. ಎರಡು ಸಲ ಹೇಳಬೇಕಾಯಿತು. ಆಮೇಲೆ ಕೇಳಿದರು: "ನಿನ್ನ ಮಾತು ಕೇಳಿದವರು ಯಾರು?" ಲೈಟ್‌ಹೌಸ್‌ನವಳು ಅಂದೆ. "ಮತ್ತೆ ಅವರ ಹತ್ರಾನೇ ಇರುತ್ತಲ್ಲ."

ಅದೇ ರಾತ್ರಿ ಅವಳಿಗೆ ಬರೆದೆ. ಸೆಟ್ಟಿಂಗ್ಸ್‌ನಲ್ಲಿ ಆ ಚೌಕಕ್ಕೆ ಟಿಕ್ ಹಾಕಿದ್ದೆಯಾ, ಹಳೇ ಮೇಲ್ ಇನ್ನೂ ಇದೆಯಾ ಅಂತ. ಲೈಬ್ರರಿಯವಳು ನೋಡಿ, ಯಾವುದನ್ನೂ ಬಿಸಾಡಿರಲಿಲ್ಲ. ಎರಡು ದಿನದಲ್ಲಿ ಒಂದು ಜಿಪ್ ಫೈಲ್ ಬಂತು. ಒಳಗೆ 28 ಮೇಲ್. 27 ನನ್ನವು, ಒಂದು ಮಾಡ್‌ನದು. ಹದಿನೇಳು ವರ್ಷದಿಂದ ನಾನು ಬರೆದದ್ದು ಅವಳ ಹತ್ತಿರ ಇತ್ತು, ಅವಳು ಬರೆದದ್ದು ನನ್ನ ಹತ್ತಿರ. ಇಬ್ಬರಿಗೂ ಗೊತ್ತಿರಲಿಲ್ಲ.

ಪುಟ ಉಳಿಸುವುದು, ಡಿಸ್ಕ್ ಉಳಿಸುವುದು ಎಲ್ಲ ಬೇಕು. ಆದರೆ ರೋಲ್‌ಪ್ಲೇ ಯಾವತ್ತೂ ಒಬ್ಬರ ಹತ್ತಿರ ಪೂರ್ತಿ ಇರುವುದಿಲ್ಲ. ತಾಣ ಮುಚ್ಚಿದರೂ ಜೊತೆಗಾರರ ಸಂಪರ್ಕ ಇದ್ದರೆ ದಾರಿ ಇರುತ್ತದೆ. ನಾವು ಮೂರು ಸಲ ಮನೆ ಬದಲಾಯಿಸಿದಾಗ ಕಳೆದುಕೊಂಡದ್ದು ಮುಖ್ಯವಾಗಿ ಈ ಸಂಪರ್ಕವನ್ನು. ಪ್ರತಿ ಸಲ ಕೆಲವರು ಹಿಂದೆ ಉಳಿದರು. ಅವರ ಅಡ್ಡಹೆಸರು ಬಿಟ್ಟು ನಮಗೆ ಬೇರೇನೂ ಗೊತ್ತಿರಲಿಲ್ಲ. ತಾಣ ಹೋದ ದಿನವೇ ಆ ಹೆಸರೂ ಹೋಯಿತು.

ಆಮೇಲೆ ಉಳಿದವರನ್ನು ಹುಡುಕಲು ಹೊರಟೆವು, ನಾನೂ ಅವಳೂ ಸೇರಿ. ಹನ್ನೊಂದು ಜನರ ವಿಳಾಸ ಸಿಕ್ಕಿತು, ಏಳು ಜನ ಉತ್ತರಿಸಿದರು. ಮೀನಂಗಡಿಯವನು ಸಿಕ್ಕಿದ. ಈಗ ಅವನು ಎರಡು ಮಕ್ಕಳ ತಂದೆ. ಆದರೆ ಅವನ ಹಳೇ ಮೇಲ್ ಖಾತೆ, ವರ್ಷಗಟ್ಟಲೆ ಬಳಸಲಿಲ್ಲ ಅಂತ ಅಳಿದುಹೋಗಿತ್ತು. ಇದನ್ನು ಓದುವವರು ದಯವಿಟ್ಟು ಗಮನಿಸಿ: ಎರಡು ವರ್ಷ ಮುಟ್ಟದ ಖಾತೆಗಳನ್ನು ಗೂಗಲ್ ಕೂಡ 2023ರ ಡಿಸೆಂಬರ್‌ನಿಂದ ಅಳಿಸಲು ಶುರು ಮಾಡಿದೆ. ಕಾಲೇಜು ದಿನಗಳ ಮೇಲ್ ಇದ್ದರೆ ಇವತ್ತೇ ಒಮ್ಮೆ ಒಳಗೆ ಹೋಗಿ ಬನ್ನಿ.

ಒಬ್ಬಳು ಮಾತ್ರ ನನ್ನದನ್ನು ಇಡಬೇಡಿ ಅಂದಳು. ಆಗ ಅವಳಿಗೆ 15 ವರ್ಷ, ಮನೆಯಲ್ಲಿ ಕಷ್ಟ ಇದ್ದ ಕಾಲ, ಅದೆಲ್ಲ ಪಾತ್ರದ ಬಾಯಲ್ಲಿ ಬಂದುಬಿಟ್ಟಿದೆ ಅಂತ ಬರೆದಳು. ಅವಳ ಒಂದು ಥ್ರೆಡ್ ತುಂಬಾ ಚೆನ್ನಾಗಿತ್ತು, ವೇಬ್ಯಾಕ್‌ನಲ್ಲಿ ಸಿಕ್ಕಿತ್ತು. ನನ್ನ ಪ್ರತಿಗಳಿಂದ ತೆಗೆದುಹಾಕಿದೆ. ಮನಸ್ಸಿಗೆ ನೋವಾಯಿತು, ಆದರೂ ಅದು ಅವಳದ್ದು. ಉಳಿಸಬೇಕು ಅನ್ನುವ ಹಟದಲ್ಲಿ ಇಷ್ಟು ಮರೆಯಬಾರದು ಅಲ್ವಾ? ಹಾಗಾಗಿ ನಮ್ಮ ಸಂಗ್ರಹವನ್ನು ನಾವು ಬಹಿರಂಗವಾಗಿ ಎಲ್ಲೂ ಹಾಕಿಲ್ಲ. ಸಾದಾ ಪಠ್ಯದ ಫೈಲ್‌ಗಳು, ಮೂರು ಪ್ರತಿ, ಮೂರು ದೇಶದಲ್ಲಿ.

ಚಾಟ್ ಸರ್ವರ್‌ನ ಕಾಲದ್ದು ಏನೂ ಸಿಗಲಿಲ್ಲ. ಸರ್ವರ್ ಮಾಡಿದವರು ಯಾವುದೋ ಬೇಜಾರಿನಲ್ಲಿ ಅದನ್ನು ಅಳಿಸಿದರು, ಎರಡು ವರ್ಷದ ಆಟ ಹೋಯಿತು. ಅಲ್ಲಿಗೆ ವೇಬ್ಯಾಕ್‌ನ ಪ್ರೋಗ್ರಾಂ ಹೋಗಲು ಆಗುವುದೂ ಇಲ್ಲ, ಒಳಗೆ ಬರಲು ಲಾಗಿನ್ ಬೇಕು. ಇವತ್ತಿನ ರೋಲ್‌ಪ್ಲೇ ಬಹುಪಾಲು ಇಂಥ ಜಾಗಗಳಲ್ಲೇ ನಡೆಯುತ್ತಿದೆ. ಈಗ ಆಡುತ್ತಿರುವ ಹುಡುಗ ಹುಡುಗಿಯರ ಬಗ್ಗೆ ನನಗೆ ಇದೇ ಚಿಂತೆ. ತಿಂಗಳಿಗೊಮ್ಮೆಯಾದರೂ ಒಂದು ಪ್ರತಿ ಇಳಿಸಿಟ್ಟುಕೊಳ್ಳಿ ಮಕ್ಕಳೇ.

2025ರ ಜನವರಿಯಲ್ಲಿ ಬಿರುಗಾಳಿ ರಾತ್ರಿಯನ್ನು ಜೋಡಿಸಿ ಮುಗಿಸಿದೆವು. ಮೊದಲ ಪುಟ ವೇಬ್ಯಾಕ್‌ನಿಂದ, ಅವಳದ್ದು ನನ್ನ ಇನ್‌ಬಾಕ್ಸ್‌ನಿಂದ, ನನ್ನದು ಅವಳ ಇನ್‌ಬಾಕ್ಸ್‌ನಿಂದ. 58ರಲ್ಲಿ 56 ಬಂತು. ಬರದೇ ಇದ್ದದ್ದು 31 ಮತ್ತು 32.

ಅವು ಯಾಕೆ ಇಲ್ಲ ಅಂತಲೂ ತಿಳಿಯಿತು. ಆ ಫೋರಂನವರು ಮೇಲ್ ಜಾಸ್ತಿ ಆಗಬಾರದು ಅಂತ ಒಂದು ನಿಯಮ ಇಟ್ಟಿದ್ದರು: ನೀವು ಒಮ್ಮೆ ಬಂದು ಹೋದ ಮೇಲೆ ಒಂದು ಥ್ರೆಡ್‌ಗೆ ಒಂದೇ ಮೇಲ್. ಮತ್ತೆ ಬಂದು ನೋಡುವವರೆಗೆ ಇನ್ನೊಂದಿಲ್ಲ. ಇಬ್ಬರೇ ಸರದಿಯಲ್ಲಿ ಬರೆಯುವಾಗ ಇದರಿಂದ ಏನೂ ತೊಂದರೆ ಇಲ್ಲ. ಆದರೆ ಅವತ್ತು 29ನೇ ಪೋಸ್ಟ್ ಅವಳು ಹಾಕಿದ ಮೇಲೆ ಮಾಡ್ ಬಂದು 30ರಲ್ಲಿ ಸಮುದ್ರ ಉಕ್ಕಿಸಿದರು. ಕೂಡಲೇ ಮೀನಂಗಡಿಯವನು 31ರಲ್ಲಿ ಹಗ್ಗ ಹಿಡಿದು ಓಡಿಬಂದ. ರಾತ್ರಿ 2ಕ್ಕೆ ಎದ್ದ ನಾನು ಮೂರನ್ನೂ ಫೋರಂನಲ್ಲೇ ಓದಿ 32 ಬರೆದೆ. ಅವಳು ಅಷ್ಟರಲ್ಲಿ ಬಂದು ನೋಡಿರಲಿಲ್ಲ, ಅವಳಿಗೆ ಬಂದದ್ದು 30 ಮಾತ್ರ. 31 ಮಾಡ್‌ನ ಇನ್‌ಬಾಕ್ಸ್‌ಗೆ ಹೋಗಿರಬೇಕು, 32 ಮೀನಂಗಡಿಯವನ ಇನ್‌ಬಾಕ್ಸ್‌ಗೆ. ಮಾಡ್ ಯಾರು, ಯಾವ ದೇಶದವರು ಅಂತ ನಮಗೆ ಯಾರಿಗೂ ಗೊತ್ತಿಲ್ಲ. ಮೀನಂಗಡಿಯವನ ಖಾತೆ ಇಲ್ಲ.

ನೆನಪಿನಿಂದ ಮತ್ತೆ ಬರೆದು ತುಂಬಿಸೋಣ್ವಾ ಅಂತ ಅವನು ಕೇಳಿದ. ಒಂದು ಸಂಜೆ ಮೂವರೂ ವಿಡಿಯೋ ಕಾಲ್‌ನಲ್ಲಿ ಕೂತೆವು. ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದ್ದು ಅವತ್ತೇ. ನನಗೆ ನಾನು ಏನು ಬರೆದೆ ಅಂತ ಒಂದು ಶಬ್ದವೂ ನೆನಪಿರಲಿಲ್ಲ. ಅವನಿಗೂ ಇಲ್ಲ. ಹೊಸದಾಗಿ ಬರೆಯುವುದು ಬೇಡ ಅಂತ ಮೂವರೂ ಒಪ್ಪಿದೆವು. ಫೈಲ್‌ನಲ್ಲಿ 31 ಮತ್ತು 32ರ ಸಂಖ್ಯೆ ಬರೆದು ಮುಂದೆ ಖಾಲಿ ಬಿಟ್ಟಿದ್ದೇವೆ.

ಖಾಲಿ ಜಾಗದ ಕೆಳಗೆ 33 ಇದೆ, ಲೈಟ್‌ಹೌಸ್‌ನವಳದ್ದು. ಅವಳೇ ಅದನ್ನು ಕಾಲ್‌ನಲ್ಲಿ ಜೋರಾಗಿ ಓದಿದಳು. ಅದು ಶುರುವಾಗುವುದು ಹೀಗೆ: "ಅವಳು ಬಡಗಿಯ ಕೈ ನೋಡಿದಳು. ಹಗ್ಗ ಉಜ್ಜಿ ಅಂಗೈ ಕಿತ್ತುಬಂದಿತ್ತು. ಇಲ್ಲ, ಬಿಡಲ್ಲ, ನೀನು ಬಿಡು ಅಂದರೂ ಬಿಡಲ್ಲ ಅಂದಳು."

"ಹಾಗಾದ್ರೆ ನೀನು ಅವಳಿಗೆ ಹಗ್ಗ ಬಿಡು ಅಂದಿದ್ದೆ," ಅಂದ ಮೀನಂಗಡಿಯವನು.